ಕರುಳಿನ ನೋವನ್ನು ಅಳೆಯುವ ಪ್ರಯೋಗಗಳು: ಬಲೂನು ಕೊಡುವ ಸಂಖ್ಯೆ ಯಾವುದರ ಅಳತೆ?

ಹೊಟ್ಟೆನೋವೆಂದು ತಿಂಗಳುಗಟ್ಟಲೆ ಅಲೆದವರಿಗೆ ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ಮುಗಿದ ಮೇಲೆ ‘ರಿಪೋರ್ಟ್ ನಾರ್ಮಲ್ ಇದೆ’ ಎಂಬ ಉತ್ತರ ಸಿಗುವುದು ಅಪರೂಪವೇನಲ್ಲ. ಆಮೇಲೆ ಅದಕ್ಕೆ ‘ಗ್ಯಾಸ್ಟ್ರಿಕ್’ ಅಂತಲೋ ‘ಟೆನ್ಶನ್’ ಅಂತಲೋ ಹೆಸರು ಬೀಳುತ್ತದೆ. ನೋವು ಮಾತ್ರ ಇದ್ದಲ್ಲೇ ಇರುತ್ತದೆ. ಹುಣ್ಣು, ಗಡ್ಡೆ, ಊತ ಏನೂ ಕಾಣದೆ ಕಾಡುವ ಇಂಥ ಜೀರ್ಣಾಂಗದ ತೊಂದರೆಗಳ ಬಗ್ಗೆ ಭಾರತವೂ ಸೇರಿದಂತೆ 33 ದೇಶಗಳಲ್ಲಿ ನಡೆದ ಸಮೀಕ್ಷೆಯೊಂದು 2021ರಲ್ಲಿ ಪ್ರಕಟವಾಯಿತು. ಇಂಟರ್ನೆಟ್ ಮೂಲಕ ಉತ್ತರಿಸಿದವರಲ್ಲಿ ಶೇ 40ರಷ್ಟು ಜನರಿಗೆ ಇವುಗಳಲ್ಲಿ ಒಂದಾದರೂ ಇತ್ತು. ಮನೆಮನೆಗೆ ಹೋಗಿ ಕೇಳಿದಾಗ ಆ ಪ್ರಮಾಣ ಶೇ 21ರ ಆಸುಪಾಸಿಗೆ ಇಳಿಯಿತು. ಕೇಳುವ ವಿಧಾನ ಬದಲಾದರೆ ಉತ್ತರ ಅರ್ಧವಾಗುತ್ತದೆ ಎಂಬುದನ್ನು ಗಮನಿಸಿ. ನೋವಿನ ಪ್ರಯೋಗಗಳಲ್ಲೂ ಇದೇ ಸಮಸ್ಯೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ಈ ರೋಗಿಗಳ ಕರುಳು ಬೇರೆಯವರ ಕರುಳಿಗಿಂತ ಹೆಚ್ಚು ಸೂಕ್ಷ್ಮವೇ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರಿಸಬೇಕಾದರೆ ಜೀವಂತ ಮನುಷ್ಯನ ಕರುಳಿಗೆ ಅಳತೆಯಿಟ್ಟು ನೋವು ಕೊಡಬೇಕು, ಮತ್ತೆ ಅದೇ ಅಳತೆಯಲ್ಲಿ ಇನ್ನೊಬ್ಬರಿಗೂ ಕೊಡಬೇಕು. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಇದಕ್ಕಾಗಿ ಬಲೂನು, ಆಸಿಡ್, ವಿದ್ಯುತ್ತು, ಬಿಸಿನೀರು, ಮೆಣಸಿನಕಾಯಿಯ ಖಾರ ಎಲ್ಲವನ್ನೂ ಬಳಸಲಾಗಿದೆ. ಪ್ರತಿ ವಿಧಾನವೂ ಕೊನೆಗೆ ಒಂದು ಸಂಖ್ಯೆ ಕೊಡುತ್ತದೆ: ಇಷ್ಟು ಒತ್ತಡಕ್ಕೆ ನೋವು ಶುರುವಾಯಿತು, ಇಷ್ಟು ಮಿಲಿಆಂಪಿಯರ್‌ಗೆ ನೋವಾಯಿತು. ಆ ಸಂಖ್ಯೆಯನ್ನು ‘ಕರುಳಿನ ಸೂಕ್ಷ್ಮತೆ’ ಎಂದು ಓದುವುದು ತಪ್ಪು ಎಂಬುದೇ ಈ ಲೇಖನದ ವಾದ. ಕರುಳಿನ ಗೋಡೆಯ ಬಿಗಿ, ನರತುದಿಗಳ ಸ್ಥಿತಿ, ಬೆನ್ನುಹುರಿಯ ಪ್ರತಿಕ್ರಿಯೆ, ಮಿದುಳಿನ ಗಮನ, ‘ನೋವು’ ಎಂದು ಹೇಳಲು ಆ ವ್ಯಕ್ತಿ ಇಟ್ಟುಕೊಂಡ ಗೆರೆ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಒಳ್ಳೆಯ ಪ್ರಯೋಗ ಇವುಗಳಲ್ಲಿ ಒಂದನ್ನಾದರೂ ಉಳಿದವುಗಳಿಂದ ಬಿಡಿಸುತ್ತದೆ.

ಮೊದಲು ಕರುಳಿನ ನೋವಿನ ಸ್ವಭಾವ ನೋಡೋಣ. ಚರ್ಮಕ್ಕೆ ಚಾಕು ತಗುಲಿದರೆ ನೋವು. ಕರುಳಿನ ಒಳಪದರವನ್ನು ಕತ್ತರಿಸಿದರೆ ನೋವಿಲ್ಲ. ಅದಕ್ಕೇ ಕೊಲೊನೋಸ್ಕೋಪಿಯಲ್ಲಿ ಬಯಾಪ್ಸಿ ತೆಗೆದದ್ದು ರೋಗಿಗೆ ಗೊತ್ತೇ ಆಗುವುದಿಲ್ಲ, ಗಾಳಿ ತುಂಬಿಸಿ ಕರುಳನ್ನು ಹಿಗ್ಗಿಸಿದಾಗ ಮಾತ್ರ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಜೀರ್ಣನಾಳದ ನೋವಿಗೆ ಮುಖ್ಯ ಕಾರಣ ಗೋಡೆಯ ಮೇಲೆ ಬೀಳುವ ಎಳೆತ ಎಂದು ಲಂಡನ್ನಿನ ವೈದ್ಯ ಆರ್ಥರ್ ಹರ್ಟ್ಸ್ 1911ರಲ್ಲೇ ಉಪನ್ಯಾಸಗಳಲ್ಲಿ ಪ್ರತಿಪಾದಿಸಿದ್ದರು. ರಕ್ತಪೂರೈಕೆ ಕಡಿಮೆಯಾಗುವುದು, ಉರಿಯೂತ ಮತ್ತು ಆಸಿಡ್ ಇತರ ಕಾರಣಗಳು. ಕರುಳಿನಿಂದ ಹೊರಡುವ ಸಂವೇದನೆಯ ನರಗಳು ಚರ್ಮದವಕ್ಕಿಂತ ಬಹಳ ವಿರಳ. ಅವು ಬೆನ್ನುಹುರಿಯ ಹಲವು ಮಟ್ಟಗಳಿಗೆ ಹರಡಿ, ಚರ್ಮದಿಂದ ಬರುವ ನರಗಳು ಮುಟ್ಟುವ ಜೀವಕೋಶಗಳನ್ನೇ ಮುಟ್ಟುತ್ತವೆ. ಹಾಗಾಗಿ ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅನ್ನನಾಳದ ನೋವು ಎದೆಯಲ್ಲೂ, ದೊಡ್ಡ ಕರುಳಿನ ನೋವು ಕಿಬ್ಬೊಟ್ಟೆಯಲ್ಲೂ ಸೊಂಟದಲ್ಲೂ ಕಾಣಿಸುತ್ತದೆ. ಪ್ರಯೋಗಾಲಯದಲ್ಲಿ ಇದನ್ನೂ ಅಳೆಯುತ್ತಾರೆ: ನೋವು ಹರಡಿದ ಜಾಗವನ್ನು ಸ್ವಯಂಸೇವಕರೇ ಮೈಮೇಲೆ ಗುರುತಿಸುತ್ತಾರೆ, ಆ ರೇಖೆಯನ್ನು ಪಾರದರ್ಶಕ ಹಾಳೆಗೆ ಇಳಿಸಿ ವಿಸ್ತೀರ್ಣ ಲೆಕ್ಕ ಹಾಕುತ್ತಾರೆ. ಬೆನ್ನುಹುರಿಯ ಮಟ್ಟದಲ್ಲಿ ಸೂಕ್ಷ್ಮತೆ ಏರಿದ್ದರೆ ಆ ವಿಸ್ತೀರ್ಣ ದೊಡ್ಡದಾಗುತ್ತದೆ.

60 ಮಿಲಿಲೀಟರ್ ಗಾಳಿ

ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್: ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಮಲವಿಸರ್ಜನೆಯ ಏರುಪೇರು ಕಾಡುವ ತೊಂದರೆ) ರೋಗಿಗಳ ಕರುಳು ಹೆಚ್ಚು ಸೂಕ್ಷ್ಮ ಎಂಬ ಮಾತಿಗೆ ತಳಹದಿ ಹಾಕಿದ್ದು 1973ರಲ್ಲಿ ರಿಚಿ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗ. ದೊಡ್ಡ ಕರುಳಿನ ಕೆಳಭಾಗದಲ್ಲಿ ಬಲೂನಿಟ್ಟು 60 ಮಿಲಿಲೀಟರ್‌ಗೆ ಉಬ್ಬಿಸಿದಾಗ ಆರೋಗ್ಯವಂತರಲ್ಲಿ ಶೇ 6ರಷ್ಟು ಮಂದಿಗೆ ನೋವಾಯಿತು, ರೋಗಿಗಳಲ್ಲಿ ಶೇ 55ರಷ್ಟು ಮಂದಿಗೆ. ವ್ಯತ್ಯಾಸ ದೊಡ್ಡದು, ಅನುಮಾನವಿಲ್ಲ. ಆದರೆ ಅಳೆದದ್ದು ಗಾತ್ರವನ್ನು. ಕರುಳು ಬಿಗಿಯಾಗಿದ್ದವರಲ್ಲಿ 60 ಮಿಲಿಲೀಟರ್ ಗಾಳಿ ಹೆಚ್ಚು ಒತ್ತಡ ಹುಟ್ಟಿಸುತ್ತದೆ, ಸಡಿಲವಾಗಿದ್ದವರಲ್ಲಿ ಕಡಿಮೆ. ಜೊತೆಗೆ ರಬ್ಬರ್ ಬಲೂನು ತಾನೇ ಹಿಗ್ಗಲು ಒಂದಿಷ್ಟು ಒತ್ತಡ ಕಬಳಿಸುತ್ತದೆ, ಗೋಡೆ ತಡೆದರೆ ಕರುಳಿನ ಉದ್ದಕ್ಕೂ ಚಾಚಿಕೊಳ್ಳುತ್ತದೆ. ಗೋಡೆಗೆ ನಿಜವಾಗಿ ತಗುಲಿದ್ದೆಷ್ಟು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದು ಬ್ಯಾರೊಸ್ಟಾಟ್. 1980ರ ದಶಕದ ನಡುವಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫರ್ನಾಂಡೊ ಅಸ್ಪಿರೋಸ್ ಮತ್ತು ಹುವಾನ್ ರಮೋನ್ ಮಲಗೆಲಾದ ಇದನ್ನು ರೂಪಿಸಿದರು. ರಬ್ಬರಿನ ಬದಲು ಹಿಗ್ಗದ ತೆಳು ಪಾಲಿಥಿನ್ ಚೀಲ. ಅದರ ಪೂರ್ಣ ಗಾತ್ರ ಅಂಗಕ್ಕಿಂತ ದೊಡ್ಡದು, ಗುದನಾಳಕ್ಕಾದರೆ 500ರಿಂದ 700 ಮಿಲಿಲೀಟರ್. ಚೀಲ ಪೂರ್ತಿ ತುಂಬದೆ ಸುಕ್ಕುಸುಕ್ಕಾಗಿಯೇ ಇರುವವರೆಗೆ ಅದರ ಗೋಡೆ ಒತ್ತಡಕ್ಕೆ ಏನನ್ನೂ ಸೇರಿಸುವುದಿಲ್ಲ, ಹಾಗಾಗಿ ಒಳಗಿನ ಒತ್ತಡವೆಲ್ಲ ಕರುಳಿನದೇ. ಕಂಪ್ಯೂಟರ್ ನಿಯಂತ್ರಿಸುವ ಪಂಪು ನಿಗದಿತ ಒತ್ತಡ ಕಾಯುತ್ತದೆ: ಕರುಳು ಕುಗ್ಗಿದರೆ ಗಾಳಿ ಹಿಂತೆಗೆಯುತ್ತದೆ, ಸಡಿಲಿಸಿದರೆ ಗಾಳಿ ತುಂಬುತ್ತದೆ. ನಳಿಕೆಯಲ್ಲಿ ಎರಡು ದಾರಿ ಇರಲೇಬೇಕು. ಗಾಳಿಯ ದಾರಿ ಅಗಲವಾಗಿರಬೇಕು, ಒತ್ತಡ ಅಳೆಯುವುದು ಬೇರೆಯೇ ಆಗಿರಬೇಕು. ಗಾಳಿ ಹರಿಯುತ್ತಿರುವ ಕೊಳವೆಯಲ್ಲೇ ಒತ್ತಡ ಓದಿದರೆ, ಸಿಗುವುದು ಚೀಲದ ಒತ್ತಡವಲ್ಲ, ಕೊಳವೆಯ ತಡೆ.

ಪರೀಕ್ಷೆಯ ಕ್ರಮ ಹೀಗೆ. ಚೀಲವನ್ನು ನಳಿಕೆಗೆ ಎರಡೂ ತುದಿಯಲ್ಲಿ ಗಾಳಿ ಸೋರದಂತೆ ಕಟ್ಟಿ, ಮೊದಲು ಹೊರಗೇ ಉಬ್ಬಿಸಿ ಕೆಲವು ನಿಮಿಷ ಬಿಡುತ್ತಾರೆ. ಗಾತ್ರ ಸ್ವಲ್ಪ ಸ್ವಲ್ಪವೇ ಏರುತ್ತ ಹೋದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಎನಿಮಾ ಕೊಟ್ಟು ಗುದನಾಳ ಖಾಲಿ ಮಾಡಿಸುತ್ತಾರೆ, ಆದರೆ ಎನಿಮಾ ಕೊಟ್ಟ ಕೂಡಲೇ ಪರೀಕ್ಷೆ ಶುರು ಮಾಡುವಂತಿಲ್ಲ, ಅದರ ಕೆರಳಿಕೆ ಇಳಿಯಲು ಬಿಡಬೇಕು. ಊಟ ಮಾಡಿ ಕೆಲವು ಗಂಟೆ ಕಳೆದಿರಬೇಕು, ಏಕೆಂದರೆ ಊಟ ಕರುಳಿನ ಬಿಗಿತವನ್ನೂ ಸೂಕ್ಷ್ಮತೆಯನ್ನೂ ಬದಲಿಸುತ್ತದೆ. ಮಡಚಿದ ಚೀಲವನ್ನು ಗುದದ್ವಾರದಿಂದ ಸುಮಾರು 5 ಸೆಂಟಿಮೀಟರ್ ಮೇಲೆ ಇಟ್ಟು, ಸ್ವಲ್ಪ ಗಾಳಿ ತುಂಬಿ ಮಡಿಕೆ ಬಿಡಿಸಿ ಮತ್ತೆ ಖಾಲಿ ಮಾಡುತ್ತಾರೆ. ಮಡಿಕೆ ಬಿಚ್ಚಿಕೊಳ್ಳದಿದ್ದರೆ ಒತ್ತಡ ಏರುತ್ತದೆ, ಗಾತ್ರ ಏರುವುದಿಲ್ಲ; ಗ್ರಾಫ್ ನೋಡಿದವರು ಕರುಳೇ ಗಡುಸಾಗಿದೆ ಎಂದುಕೊಳ್ಳುತ್ತಾರೆ.

ಮುಂದೆ ಒತ್ತಡವನ್ನು ಒಂದೊಂದೇ ಎಂಎಂ ಪಾದರಸದಷ್ಟು ಏರಿಸುತ್ತ, ಉಸಿರಾಟದ ಏರಿಳಿತ ಚೀಲದ ಗಾತ್ರದಲ್ಲಿ ಸರಿಯಾಗಿ ಕಾಣಿಸುವ ಹಂತ ಹುಡುಕುತ್ತಾರೆ. ಹೊಟ್ಟೆಯೊಳಗಿನ ಅಂಗಾಂಗಗಳ ಭಾರವನ್ನು ಚೀಲ ಆಗಷ್ಟೇ ಮೀರಿರುತ್ತದೆ. ಅದಕ್ಕೆ 2 ಸೇರಿಸಿದರೆ ಪರೀಕ್ಷೆಯ ತಳದ ಒತ್ತಡ ಸಿಗುತ್ತದೆ. ದಪ್ಪಗಿರುವವರಲ್ಲಿ ಈ ತಳ ಮೇಲಿರುತ್ತದೆ. ಕೆಲವು ತಂಡಗಳು ನೋವಿನ ಹೊಸ್ತಿಲನ್ನು, ಅಂದರೆ ನೋವು ಶುರುವಾಗುವ ಮಟ್ಟವನ್ನು, ಈ ತಳದಿಂದ ಮೇಲಕ್ಕೆ ಎಣಿಸುತ್ತವೆ, ಕೆಲವು ಸೊನ್ನೆಯಿಂದ. ಎರಡು ಪ್ರಬಂಧಗಳ ಸಂಖ್ಯೆಗಳನ್ನು ಅಕ್ಕಪಕ್ಕ ಇಡುವ ಮೊದಲು ನೋಡಬೇಕಾದ ಮೊದಲ ವಿಷಯ ಇದು, ಬಹುತೇಕರು ನೋಡದೆ ಬಿಡುವುದೂ ಇದನ್ನೇ.

ಅಳತೆ ಶುರು ಮಾಡುವ ಮೊದಲು ಕರುಳನ್ನು ಒಂದು ಸಲ ಸುಮಾರು 20 ಎಂಎಂ ಒತ್ತಡದವರೆಗೆ ಹಂತಹಂತವಾಗಿ ಹಿಗ್ಗಿಸಿ ಇಳಿಸುತ್ತಾರೆ. ಮೊದಲ ಸಲದ ಹಿಗ್ಗುವಿಕೆ ಯಾವಾಗಲೂ ಎರಡನೆಯದಕ್ಕಿಂತ ಗಡುಸು. ಈ ಹದಗೊಳಿಸುವಿಕೆ ಬಿಟ್ಟರೆ ಔಷಧಕ್ಕೆ ಮೊದಲಿನ ಅಳತೆಗೂ ನಂತರದ ಅಳತೆಗೂ ಔಷಧವಿಲ್ಲದೆಯೇ ವ್ಯತ್ಯಾಸ ಬಂದುಬಿಡುತ್ತದೆ. ಆಮೇಲೆ 4 ಅಥವಾ 5 ಎಂಎಂ ಮೆಟ್ಟಿಲುಗಳಲ್ಲಿ ಏರಿಕೆ. ಪ್ರತಿ ಮೆಟ್ಟಿಲು ಕನಿಷ್ಠ 60 ಸೆಕೆಂಡು, ನಡುವೆ ತಳಕ್ಕೆ ಇಳಿಸಿ ವಿಶ್ರಾಂತಿ. ಪ್ರತಿ ಮೆಟ್ಟಿಲಿನಲ್ಲಿ ಅನಿಸಿಕೆಯನ್ನು ಅಂಕದಲ್ಲಿ ಕೇಳುತ್ತಾರೆ. ಡೆನ್ಮಾರ್ಕಿನ ಆಲ್ಬೋರ್ಗ್ ತಂಡ ಬಳಸುವ 0ರಿಂದ 10ರ ಮಾಪಕದಲ್ಲಿ 5 ಎಂದರೆ ನೋವು ಆಗಷ್ಟೇ ಶುರುವಾದದ್ದು. ಅದರ ಕೆಳಗಿನದೆಲ್ಲ ನೋವಲ್ಲದ ಒತ್ತು, ತುಂಬಿದ ಅನುಭವ, ಶೌಚದ ಒತ್ತಾಯ. ನೋವಿಲ್ಲದ ಅನಿಸಿಕೆಗೂ ಜಾಗ ಕೊಡುವ ಈ ಮಾಪಕ, ನೋವನ್ನಷ್ಟೇ 0ರಿಂದ ಎಣಿಸುವ ಮಾಪಕಕ್ಕಿಂತ ಕರುಳಿಗೆ ಹೆಚ್ಚು ಹೊಂದುತ್ತದೆ. ಕರುಳು ಕೊಡುವ ಸಂದೇಶಗಳಲ್ಲಿ ಬಹುಪಾಲು ನೋವಲ್ಲವಲ್ಲ.

ಗಾಳಿ ತುಂಬುವ ವೇಗವೂ ಮುಖ್ಯ. ನಿಮಿಷಕ್ಕೆ 40 ಮಿಲಿಲೀಟರ್‌ನಂತೆ ನಿಧಾನ ತುಂಬಿದಾಗ ಕರುಳು ಹೊಂದಿಕೊಳ್ಳುತ್ತ ಹೋಗುತ್ತದೆ. ಸೆಕೆಂಡಿಗೆ 30–40 ಮಿಲಿಲೀಟರ್‌ನಂತೆ ಥಟ್ಟನೆ ತುಂಬಿದಾಗ ಬೇರೆ ಗುಂಪಿನ ನರಗಳೂ ಎಚ್ಚರಗೊಳ್ಳುತ್ತವೆ. ವೇಗ ಬರೆಯದ ವರದಿಯನ್ನು ಮತ್ತೊಂದರ ಜೊತೆ ಹೋಲಿಸುವಂತಿಲ್ಲ.

ಗಾಳಿ ಕುಗ್ಗುತ್ತದೆ ಎಂಬುದು ಇನ್ನೊಂದು ತೊಡಕು. ಪಂಪು, ಕೊಳವೆ, ಚೀಲ ಸೇರಿ 1 ಲೀಟರ್ ಗಾಳಿಯಿದ್ದು ಒತ್ತಡ 50 ಎಂಎಂ ಏರಿದರೆ, ಸಮುದ್ರಮಟ್ಟದಲ್ಲಿ ಸುಮಾರು 62 ಮಿಲಿಲೀಟರ್ ಕುಗ್ಗಿಯೇ ಹೋಗುತ್ತದೆ. ಉಪಕರಣ ಅದನ್ನು ಕರುಳು ಹಿಗ್ಗಿದ್ದೆಂದು ತೋರಿಸುತ್ತದೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 683 ಎಂಎಂ. ಅದೇ ಲೆಕ್ಕ ಅಲ್ಲಿ 68 ಮಿಲಿಲೀಟರ್ ಆಗುತ್ತದೆ. ಮಂಗಳೂರಿನಲ್ಲಿ ಹೊಂದಿಸಿದ ತಿದ್ದುಪಡಿಯನ್ನು ಬೆಂಗಳೂರಿನಲ್ಲಿ ಹಾಗೇ ಬಳಸಲಾಗದು. ಗುದನಾಳ ಪೂರ್ತಿ ಹಿಡಿಯುವುದೇ ಕೆಲವು ನೂರು ಮಿಲಿಲೀಟರ್ ಆಗಿರುವಾಗ ಇದು ಸಣ್ಣ ತಪ್ಪಲ್ಲ. ಎಂಆರ್‌ಐ ಕೋಣೆಯಲ್ಲಿ ಬ್ಯಾರೊಸ್ಟಾಟ್ ಬಳಸುವಾಗ ಲೋಹದ ಪಂಪು ಕೋಣೆಯ ಹೊರಗಿರಬೇಕು, ಕೊಳವೆ ಹಲವು ಮೀಟರ್ ಉದ್ದವಾಗುತ್ತದೆ, ಈ ದೋಷವೂ ಅದರೊಡನೆ ಬೆಳೆಯುತ್ತದೆ.

ಒತ್ತಡವೂ ಸಾಲದು

ಒಂದೇ ಒತ್ತಡ ಕೊಟ್ಟ ಮಾತ್ರಕ್ಕೆ ಇಬ್ಬರಿಗೂ ಒಂದೇ ಪ್ರಚೋದನೆ ಕೊಟ್ಟಂತಾಯಿತೇ? ಕರುಳನ್ನು ತೆಳು ಗೋಡೆಯ ಕೊಳವೆಯೆಂದು ಭಾವಿಸಿದರೆ, ಗೋಡೆಯ ಎಳೆತ ಒತ್ತಡ ಮತ್ತು ತ್ರಿಜ್ಯದ ಗುಣಲಬ್ಧ. 30 ಎಂಎಂ ಪಾದರಸ ಎಂದರೆ ಸುಮಾರು 4 ಕಿಲೋಪಾಸ್ಕಲ್. 2 ಸೆಂಟಿಮೀಟರ್ ತ್ರಿಜ್ಯದ ಕರುಳಿನಲ್ಲಿ ಎಳೆತ ಮೀಟರಿಗೆ 80 ನ್ಯೂಟನ್, 3 ಸೆಂಟಿಮೀಟರ್ ತ್ರಿಜ್ಯದ್ದರಲ್ಲಿ 120. ಒತ್ತಡ ಒಂದೇ, ಎಳೆತ ಒಂದೂವರೆ ಪಟ್ಟು. ನರತುದಿಗಳು ಗೋಡೆಯ ಒಳಗಿರುವುದರಿಂದ ಅವಕ್ಕೆ ತಿಳಿಯುವುದು ಚೀಲದ ಒತ್ತಡವಲ್ಲ, ಗೋಡೆ ಎಷ್ಟು ಎಳೆಯಲ್ಪಟ್ಟಿತು ಎಂಬುದು.

ಇದನ್ನು ಹಿಡಿಯಲು ಹಾನ್ಸ್ ಗ್ರೆಗರ್ಸನ್, ಆಸ್ಬ್ಯೋರ್ನ್ ಡ್ರೆವೆಸ್ ಮತ್ತಿತರ ಡೆನ್ಮಾರ್ಕಿನ ಸಂಶೋಧಕರು ಇಂಪಿಡೆನ್ಸ್ ಪ್ಲಾನಿಮೆಟ್ರಿ ಎಂಬ ತಂತ್ರ ಬೆಳೆಸಿದರು. ಚೀಲಕ್ಕೆ ಗಾಳಿಯ ಬದಲು ಉಪ್ಪುನೀರು ತುಂಬುತ್ತಾರೆ. ನಳಿಕೆಯ ಮೇಲಿನ ಎರಡು ಎಲೆಕ್ಟ್ರೋಡ್‌ಗಳ ನಡುವೆ ಸುಮಾರು 100 ಮೈಕ್ರೊಆಂಪಿಯರ್‌ನ ಅತಿ ಸಣ್ಣ ಪರ್ಯಾಯ ವಿದ್ಯುತ್ ಹರಿಸಿ, ಒಳಗಿನ ಇನ್ನೊಂದು ಜೋಡಿಯಿಂದ ವೋಲ್ಟೇಜ್ ಓದುತ್ತಾರೆ. ಚೀಲ ಅಗಲವಾದಷ್ಟೂ ತಡೆ ಕಡಿಮೆ, ಅದರಿಂದ ಆ ಜಾಗದ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ. ನೀರಿನ ಉಪ್ಪಿನಂಶ ಅಥವಾ ಉಷ್ಣತೆ ಬದಲಾದರೆ ಲೆಕ್ಕ ಕೆಡುತ್ತದೆ, ಹಾಗಾಗಿ ಮೈಯ ಉಷ್ಣತೆಯಲ್ಲೇ, ಅಳತೆ ಗೊತ್ತಿರುವ ಕೊಳವೆಗಳಲ್ಲಿಟ್ಟು ಮೊದಲು ಹೊಂದಿಸಬೇಕು. ಈಗ ಅನ್ನನಾಳದ ಪರೀಕ್ಷೆಗೆ ಆಸ್ಪತ್ರೆಗಳಿಗೂ ಬಂದಿರುವ ಎಂಡೊಫ್ಲಿಪ್ ಎಂಬ ಉಪಕರಣ ಇದೇ ತತ್ತ್ವದ್ದು. ಅಳತೆಯ ನಡುವೆ ಕರುಳು ತಾನೇ ಸಂಕುಚಿಸಿದರೆ ನೋವು ನಮ್ಮ ಎಳೆತದ್ದೋ ಅದರ ಹಿಂಡುವಿಕೆಯದ್ದೋ ಗೊತ್ತಾಗದು. ಸ್ನಾಯು ಸಡಿಲಿಸಲು ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಕೊಟ್ಟು ಮತ್ತೊಮ್ಮೆ ಅಳೆದರೆ ಎರಡೂ ಬೇರೆಯಾಗುತ್ತವೆ.

ಈ ವ್ಯತ್ಯಾಸಕ್ಕೆ ಔಷಧ ಸಂಶೋಧನೆಯಲ್ಲೇ ಉದಾಹರಣೆಯಿದೆ. ಅಲೊಸೆಟ್ರಾನ್ ಎಂಬ ಔಷಧ ಕೊಟ್ಟ ಐಬಿಎಸ್ ರೋಗಿಗಳು ಬ್ಯಾರೊಸ್ಟಾಟ್‌ನಲ್ಲಿ ಮೊದಲಿಗಿಂತ ಹೆಚ್ಚು ಗಾತ್ರ ತಡೆದುಕೊಂಡರು. ಗಾತ್ರವನ್ನಷ್ಟೇ ನೋಡಿದ್ದರೆ ‘ನೋವು ತಗ್ಗಿಸುವ ಔಷಧ’ ಎಂದು ಬರೆದುಬಿಡಬಹುದಿತ್ತು. ನೋವು ಶುರುವಾದ ಒತ್ತಡ ಬದಲಾಗಿರಲಿಲ್ಲ. ಕರುಳಿನ ಗೋಡೆ ಹೆಚ್ಚು ಹಿಗ್ಗುವಂತಾಗಿತ್ತು. ರೋಗಿಗೆ ಅದರಿಂದಲೂ ಲಾಭವಾಗಬಹುದು, ಆದರೆ ಕೆಲಸ ಮಾಡಿದ ಜಾಗ ಬೇರೆ.

ಆಸಿಡ್, ಖಾರ, ಕರೆಂಟು

ಅನ್ನನಾಳಕ್ಕೆ ಆಸಿಡ್ ಬಿಟ್ಟು ನೋಡುವ ಪರೀಕ್ಷೆ ಹಳೆಯದು. 1958ರಲ್ಲಿ ಬರ್ನ್‌ಸ್ಟೈನ್ ಮತ್ತು ಬೇಕರ್ ವಿವರಿಸಿದ ಕ್ರಮದಲ್ಲಿ ಮೂಗಿನ ಮೂಲಕ ಸಣ್ಣ ನಳಿಕೆ ಇಳಿಸಿ, ಮೊದಲು ಸಲೈನ್, ಆಮೇಲೆ 0.1 ನಾರ್ಮಲ್ ಸಾಂದ್ರತೆಯ ಹೈಡ್ರೊಕ್ಲೋರಿಕ್ ಆಸಿಡ್ಡನ್ನು ನಿಮಿಷಕ್ಕೆ 6–8 ಮಿಲಿಲೀಟರ್‌ನಂತೆ ಹನಿಸುತ್ತಾರೆ. ಯಾವಾಗ ಬಾಟಲಿ ಬದಲಾಯಿತೆಂದು ರೋಗಿಗೆ ಗೊತ್ತಾಗಬಾರದು; ಬಾಟಲಿ ಕಣ್ಣಿಗೆ ಬೀಳುವಂತಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ರೋಗ ಪತ್ತೆಗೆ ಇದರ ಬಳಕೆ ಈಗ ಕಡಿಮೆಯಾಗಿದೆ, ಆದರೆ ನರಗಳನ್ನು ಬೇಕೆಂದೇ ಸೂಕ್ಷ್ಮಗೊಳಿಸುವ ಸಾಧನವಾಗಿ ಇದು ಪ್ರಯೋಗಾಲಯದಲ್ಲಿ ಮರುಹುಟ್ಟು ಪಡೆಯಿತು.

2000ದಲ್ಲಿ ಇಂಗ್ಲೆಂಡಿನ ಖಾಸಿಮ್ ಅಜೀಜ್ ಅವರ ತಂಡ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಅತ್ಯಂತ ಚೊಕ್ಕ ಯೋಜನೆಗಳಲ್ಲಿ ಒಂದು ಎಂದರೆ ಅತಿಶಯವಲ್ಲ. ಅನ್ನನಾಳದ ಕೆಳಭಾಗಕ್ಕೆ 30 ನಿಮಿಷ ಆಸಿಡ್ ಹನಿಸಿದರು. ನೋವಿನ ಹೊಸ್ತಿಲು ಅಳೆದದ್ದು ಆಸಿಡ್ ತಗುಲದ ಮೇಲ್ಭಾಗದಲ್ಲಿ, ವಿದ್ಯುತ್ ಪ್ರಚೋದನೆಯಿಂದ. ಅಲ್ಲೂ ಹೊಸ್ತಿಲು ಇಳಿಯಿತು, ಎದೆಯ ಚರ್ಮದಲ್ಲೂ ಇಳಿಯಿತು. ಆಸಿಡ್ ಮುಟ್ಟದ ಜಾಗದ ನರತುದಿ ಬದಲಾಗಲು ಕಾರಣವಿಲ್ಲ, ಹಾಗಾಗಿ ಬದಲಾದದ್ದು ಬೆನ್ನುಹುರಿ ಅಥವಾ ಅದಕ್ಕಿಂತ ಮೇಲೆ. ಹೃದಯದ ತೊಂದರೆಯಿಲ್ಲದೆ ಎದೆನೋವಿರುವವರಲ್ಲಿ ಈ ಇಳಿಕೆ ಇನ್ನೂ ಹೆಚ್ಚಾಗಿತ್ತು, ಹೆಚ್ಚು ಹೊತ್ತು ಉಳಿಯಿತು. ಕೆಡಿಸುವುದು ಒಂದು ಕಡೆ, ಅಳೆಯುವುದು ಇನ್ನೊಂದು ಕಡೆ: ಈ ಒಂದು ನಿರ್ಧಾರದಿಂದ ನರತುದಿಯ ಪಾತ್ರವೂ ಬೆನ್ನುಹುರಿಯ ಪಾತ್ರವೂ ಬೇರ್ಪಟ್ಟವು.

ವಿದ್ಯುತ್ ಪ್ರಚೋದನೆಯ ಗುಣವೂ ದೋಷವೂ ಒಂದೇ. ಒಂದು ಮಿಲಿಸೆಕೆಂಡಿನಷ್ಟು ಸಣ್ಣ ಸ್ಪಂದನಗಳು ಗೋಡೆಯ ಗ್ರಾಹಕಗಳನ್ನು (ಪ್ರಚೋದನೆಯನ್ನು ಗುರುತಿಸುವ, ನರತುದಿಯಲ್ಲಿರುವ ಅಣುಗಳನ್ನು) ದಾಟಿ ನೇರ ನರವನ್ನೇ ಎಬ್ಬಿಸುತ್ತವೆ. ಗೋಡೆ ಬಿಗಿಯೋ ಸಡಿಲವೋ ಎಂಬ ಪ್ರಶ್ನೆ ಬರುವುದಿಲ್ಲ, ಕ್ಷಣ ನಿಖರವಾಗಿ ಗೊತ್ತಿರುವುದರಿಂದ ತಲೆಯ ಮೇಲಿನ ಇಇಜಿಯಲ್ಲಿ ಮಿದುಳಿನ ಪ್ರತಿಕ್ರಿಯೆಯನ್ನು ಮಿಲಿಸೆಕೆಂಡುಗಳಲ್ಲಿ ಹಿಡಿಯಬಹುದು. ಆದರೆ ಸಹಜ ಹೊಟ್ಟೆನೋವಿನಲ್ಲಿ ನರಗಳು ಹೀಗೆ ಒಟ್ಟಿಗೇ ಸಿಡಿಯುವುದಿಲ್ಲ. ಎಲೆಕ್ಟ್ರೋಡ್ ಒಳಪದರಕ್ಕೆ ಸರಿಯಾಗಿ ತಾಗದೆ ನಡುವೆ ಲೋಳೆಯೋ ದ್ರವವೋ ಇದ್ದರೆ ವಿದ್ಯುತ್ತು ಅದರಲ್ಲೇ ಹರಡಿ, ಹೊಸ್ತಿಲು ಏರಿದಂತೆ ಕಾಣುತ್ತದೆ. ಪ್ರತಿ ಸರಣಿಗೂ ಮೊದಲು ಸಂಪರ್ಕದ ತಡೆ ಪರೀಕ್ಷಿಸಬೇಕು. ಅನ್ನನಾಳದ ಪಕ್ಕದಲ್ಲೇ ಹೃದಯವಿರುವುದರಿಂದ ಇಸಿಜಿ ನೋಡುತ್ತಲೇ ಇರಬೇಕು, ಪೇಸ್‌ಮೇಕರ್ ಇರುವವರನ್ನು ಸೇರಿಸಲೇಬಾರದು.

ಖಾರದ ಕಥೆ ನಮ್ಮ ಓದುಗರಿಗೆ ಹತ್ತಿರದ್ದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೂರುವುದು ಟಿಆರ್‌ಪಿವಿ1 ಎಂಬ ಗ್ರಾಹಕದ ಮೇಲೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಮತ್ತು ಆಸಿಡ್ ಕೂಡ ಅದನ್ನೇ ತೆರೆಯುತ್ತವೆ. ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್, ಸ್ಪರ್ಶ–ಎಳೆತದ ಪಿಯೆಜೊ ಗ್ರಾಹಕಗಳನ್ನು ಗುರುತಿಸಿದ ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ 2021ರ ನೊಬೆಲ್ ಹಂಚಿಕೊಂಡರು. ಪ್ರಯೋಗದಲ್ಲಿ ಕ್ಯಾಪ್ಸೈಸಿನ್ ಬಳಸುವವರು ಎದುರಿಸುವ ತೊಡಕೆಂದರೆ, ಮೊದಲ ಸಲ ಉರಿಸಿದ್ದು ಪದೇಪದೇ ಕೊಟ್ಟಾಗ ಅದೇ ನರಗಳನ್ನು ಮಂದಗೊಳಿಸುತ್ತದೆ. ಇಟಲಿಯ ತಂಡವೊಂದು ಅಜೀರ್ಣದ ನೋವಿರುವವರಿಗೆ ದಿನಕ್ಕೆ 2.5 ಗ್ರಾಂ ಕೆಂಪು ಮೆಣಸಿನಪುಡಿಯನ್ನು ಕ್ಯಾಪ್ಸೂಲಿನಲ್ಲಿ 5 ವಾರ ಕೊಟ್ಟು ನೋವು ಇಳಿದದ್ದನ್ನು 2002ರಲ್ಲಿ ವರದಿ ಮಾಡಿತು. ಹಾಗಾಗಿ ಸ್ವಯಂಸೇವಕರ ದಿನನಿತ್ಯದ ಊಟದ ಖಾರವನ್ನು ದಾಖಲಿಸದೆ ಈ ಪ್ರಯೋಗ ಮಾಡುವುದು ವ್ಯರ್ಥ. ಯುರೋಪಿನಲ್ಲಿ ನಿಗದಿಯಾದ ಪ್ರಮಾಣವನ್ನು ದಿನಾ ಎರಡು ಹೊತ್ತು ಖಾರದ ಚಟ್ನಿಪುಡಿ ತಿನ್ನುವವರಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ.

ಹೇಳುವವರ ಗೆರೆ

ಈಗ ಅತ್ಯಂತ ಕಷ್ಟದ ಭಾಗ. ಬ್ಯಾರೊಸ್ಟಾಟ್‌ನ ಮೆಟ್ಟಿಲುಗಳು ಏರುತ್ತಲೇ ಹೋಗುತ್ತವೆ ಎಂದು ಎರಡನೇ ಮೆಟ್ಟಿಲಿಗೇ ಯಾರಿಗಾದರೂ ತಿಳಿದುಬಿಡುತ್ತದೆ. ವರ್ಷಗಟ್ಟಲೆ ಹೊಟ್ಟೆನೋವು ಕಂಡವರು ಮುಂದಿನ ಮೆಟ್ಟಿಲಿಗೆ ಹೆದರಿ ಮೊದಲೇ ‘ನೋವು’ ಎನ್ನುವುದು ತೀರ ಸಹಜ. ಅದು ಸುಳ್ಳಲ್ಲ, ನಾಟಕವೂ ಅಲ್ಲ. ಆದರೆ ಅದು ಗುದನಾಳದ ನರದ ಅಳತೆಯೂ ಅಲ್ಲ. ಇದನ್ನು ತಪ್ಪಿಸಲು ಒತ್ತಡಗಳನ್ನು ಕ್ರಮ ತಪ್ಪಿಸಿ ಕೊಡುತ್ತಾರೆ, ಇಲ್ಲವೇ ಉತ್ತರಕ್ಕೆ ತಕ್ಕಂತೆ ಕಂಪ್ಯೂಟರ್ ಒತ್ತಡವನ್ನು ಏರಿಸಿ ಇಳಿಸುತ್ತ ಹೊಸ್ತಿಲಿನ ಸುತ್ತಲೇ ಸುಳಿಯುತ್ತದೆ.

ಅಮೆರಿಕದ ಉತ್ತರ ಕ್ಯಾರೊಲಿನಾದ ತಂಡ 2007ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಒತ್ತಡಗಳ ಸಣ್ಣ ವ್ಯತ್ಯಾಸವನ್ನು ರೋಗಿ ಎಷ್ಟು ಚೆನ್ನಾಗಿ ಗುರುತಿಸುತ್ತಾರೆ ಎಂಬುದನ್ನೂ, ‘ನೋವು’ ಎಂಬ ಹೆಸರು ಕೊಡಲು ಎಷ್ಟು ಬೇಗ ಮುಂದಾಗುತ್ತಾರೆ ಎಂಬುದನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿತು. ಐಬಿಎಸ್ ರೋಗಿಗಳು ಗುರುತಿಸುವುದರಲ್ಲಿ ಆರೋಗ್ಯವಂತರಿಗಿಂತ ಚುರುಕಾಗಿರಲಿಲ್ಲ. ಹೆಸರು ಕೊಡುವ ಗೆರೆ ಕೆಳಗಿತ್ತು. ಲಾಸ್ ಏಂಜಲೀಸಿನ ಇನ್ನೊಂದು ತಂಡ ಅದೇ ರೋಗಿಗಳನ್ನು ಒಂದು ವರ್ಷದ ಅವಧಿಯಲ್ಲಿ ಮತ್ತೆ ಮತ್ತೆ ಕರೆಸಿ ಅಳೆಯಿತು. ಪರೀಕ್ಷೆ ಪರಿಚಿತವಾದಂತೆ ಅವರ ಗುದನಾಳದ ಸೂಕ್ಷ್ಮತೆ ಸಾಮಾನ್ಯ ಮಟ್ಟಕ್ಕೆ ಬಂತು, ಆದರೆ ಮನೆಯಲ್ಲಿ ಅನುಭವಿಸುವ ಹೊಟ್ಟೆನೋವು ಹಾಗೇ ಉಳಿಯಿತು. ಪರೀಕ್ಷೆಯ ಸಂಖ್ಯೆ ಮತ್ತು ರೋಗಿಯ ಕಷ್ಟ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಸಿಗುವುದು ಕಷ್ಟ. ಔಷಧ ಪರೀಕ್ಷಿಸುವವರು ಇದರಿಂದ ತಕ್ಷಣ ತಿಳಿಯಬೇಕಾದದ್ದಿದೆ: ಪ್ಲಾಸಿಬೊ (ಔಷಧದಂತೆ ಕಾಣುವ, ಔಷಧವಿಲ್ಲದ ಮದ್ದು) ಪಡೆದ ಗುಂಪಿಲ್ಲದೆ ಎರಡನೇ ಅಳತೆಯಲ್ಲಿ ಕಂಡ ಸುಧಾರಣೆಗೆ ಬೆಲೆಯಿಲ್ಲ.

ಪ್ಲಾಸಿಬೊ ಕೂಡ ಇಲ್ಲಿ ಬಲವಾಗಿದೆ. 2003ರ ಪ್ರಯೋಗವೊಂದರಲ್ಲಿ ಗುದನಾಳಕ್ಕೆ ಜಾಗವನ್ನು ಮರಗಟ್ಟಿಸುವ ಲಿಡೊಕೇಯ್ನ್ ಜೆಲ್ ಅಥವಾ ಬರಿ ಜೆಲ್ ಹಚ್ಚಿ, ಈ ಮದ್ದು ಕೆಲವರಲ್ಲಿ ನೋವನ್ನು ಚೆನ್ನಾಗಿ ಇಳಿಸುತ್ತದೆ ಎಂದು ಹೇಳಿದಾಗ, ಬರಿ ಜೆಲ್ ಹೆಚ್ಚುಕಡಿಮೆ ಲಿಡೊಕೇಯ್ನ್‌ನಷ್ಟೇ ಕೆಲಸ ಮಾಡಿತು. ಹಾಗಿದ್ದರೆ ನರದಲ್ಲಿ ಏನೂ ಇಲ್ಲ, ಎಲ್ಲ ಮನಸ್ಸಿನದೇ ಎಂದು ತೀರ್ಮಾನಿಸಬಹುದೇ? ಖಂಡಿತ ಇಲ್ಲ. ಒಂದು ಗುಂಪಿನಲ್ಲಿ ಗೆರೆ ಕೆಳಗಿತ್ತು ಎಂಬುದು ಎಲ್ಲರ ಕಥೆಯಲ್ಲ. ಐಬಿಎಸ್ ರೋಗಿಗಳಲ್ಲಿ ಸೂಕ್ಷ್ಮತೆ ಹೆಚ್ಚಿರುವವರ ಪ್ರಮಾಣ ಬೇರೆಬೇರೆ ಅಧ್ಯಯನಗಳಲ್ಲಿ ಮೂರನೇ ಒಂದು ಭಾಗದಿಂದ ಶೇ 90ರವರೆಗೂ ಇದೆ. ವಿಧಾನ ಬದಲಾದಂತೆ ಈ ಪ್ರಮಾಣ ಬದಲಾಗುತ್ತದೆ. ಮಾಂಟ್ರಿಯಲ್ ತಂಡ 2002ರಲ್ಲಿ ನೋವಿನ ಹೊಸ್ತಿಲಿಗೆ 40 ಎಂಎಂ ಗೆರೆಯಿಟ್ಟಾಗ ಐಬಿಎಸ್ ರೋಗಿಗಳಲ್ಲಿ ಶೇ 95.5ರಷ್ಟು ಮಂದಿ ಅದರ ಒಳಗೆ ಸಿಕ್ಕರು. ಆದರೆ ಐಬಿಎಸ್ ಇಲ್ಲದವರಲ್ಲಿ ಸರಿಯಾಗಿ ಹೊರಗುಳಿದವರು ಶೇ 71.8 ಮಾತ್ರ. ಮಹಿಳೆಯರಲ್ಲಿ ಇನ್ನೊಂದು ಅಂಶ ಸೇರುತ್ತದೆ: ಐಬಿಎಸ್ ಇರುವವರಲ್ಲಿ ಮುಟ್ಟಿನ ದಿನಗಳಲ್ಲಿ ಗುದನಾಳದ ಸೂಕ್ಷ್ಮತೆ ಏರುತ್ತದೆ, ಆರೋಗ್ಯವಂತರಲ್ಲಿ ಹಾಗಾಗುವುದಿಲ್ಲ ಎಂದು 2002ರ ಇನ್ನೊಂದು ಅಧ್ಯಯನ ತೋರಿಸಿತು. ಐಬಿಎಸ್ ಹೆಚ್ಚಾಗಿ ಕಾಣುವುದು ಮಹಿಳೆಯರಲ್ಲೇ. ಪರೀಕ್ಷೆಯ ದಿನ ನಿಗದಿ ಮಾಡುವಾಗ ಇದನ್ನು ಕೇಳದ ಅಧ್ಯಯನಗಳು ಈಗಲೂ ಇವೆ.

ರಕ್ತಸಂಚಾರದ ಮೂಲಕ ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಈ ಗೊಂದಲವನ್ನು ಪೂರ್ತಿ ಬಿಡಿಸುತ್ತದೆ ಎಂಬ ಭರವಸೆ ಒಮ್ಮೆ ಇತ್ತು. ಗುದನಾಳ ಹಿಗ್ಗಿಸಿದಾಗ ಮಿದುಳಿನ ಇನ್ಸುಲಾ, ಸಿಂಗ್ಯುಲೇಟ್, ಥಲಾಮಸ್ ಭಾಗಗಳಲ್ಲಿ ರಕ್ತಸಂಚಾರ ಏರುವುದು ಕಾಣುತ್ತದೆ. ಆದರೆ ನೋವು ಬರಲಿದೆ ಎಂದು ಕಾಯುವಾಗಲೂ ಇವುಗಳಲ್ಲೇ ಹಲವು ಭಾಗಗಳು ಏರುತ್ತವೆ. ಅದಕ್ಕೇ ಸೂಚನೆ ಕೊಟ್ಟು ಹಿಗ್ಗಿಸದೆ ಬಿಡುವ ಸುತ್ತುಗಳನ್ನು ನಡುನಡುವೆ ಸೇರಿಸಬೇಕು. ನೋವಾದಾಗ ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ಚಿತ್ರ ಕೆಡುತ್ತದೆ. ರೋಗಿಗಳು ಆರೋಗ್ಯವಂತರಿಗಿಂತ ಹೆಚ್ಚು ಅಲುಗಿದರೆ ಆ ವ್ಯತ್ಯಾಸವೇ ಮಿದುಳಿನ ವ್ಯತ್ಯಾಸದಂತೆ ತೋರಬಹುದು.

ಊಟದ ಕಡೆಗೆ

ಬಲೂನು ಬದಿಗಿಟ್ಟು, ರೋಗಿಗೆ ನಿಜವಾಗಿ ನೋವು ತರುವ ಆಹಾರವನ್ನೇ ಅಳತೆಯಾಗಿ ಬಳಸುವ ಪ್ರಯೋಗಗಳು ಕಳೆದ ಹದಿನೈದು ವರ್ಷಗಳಲ್ಲಿ ಹೆಚ್ಚಿವೆ. ಸ್ವೀಡನ್ನಿನ ತಂಡ ರೂಪಿಸಿದ ಪರೀಕ್ಷೆಯಲ್ಲಿ 400 ಮಿಲಿಲೀಟರ್ ದ್ರವಾಹಾರಕ್ಕೆ 25 ಗ್ರಾಂ ಲ್ಯಾಕ್ಟುಲೋಸ್ (ಸಣ್ಣ ಕರುಳಿನಲ್ಲಿ ಜೀರ್ಣವಾಗದ ಸಕ್ಕರೆ) ಸೇರಿಸಿ ಕುಡಿಸಿ, 4 ಗಂಟೆ ಕಾಲ ಉಸಿರಿನ ಹೈಡ್ರೊಜನ್ ಮತ್ತು ಮೀಥೇನ್, ಜೊತೆಗೆ ಲಕ್ಷಣಗಳ ಅಂಕ ದಾಖಲಿಸುತ್ತಾರೆ. ನಾಟಿಂಗ್‌ಹ್ಯಾಮ್‌ನಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ತೀಕ್ಷ್ಣವಾಗಿತ್ತು. 500 ಮಿಲಿಲೀಟರ್ ನೀರಿನಲ್ಲಿ 40 ಗ್ರಾಂ ಫ್ರಕ್ಟೋಸ್, ಇನ್ಯುಲಿನ್ (ಜೀರ್ಣವಾಗದ ಒಂದು ಬಗೆಯ ನಾರು) ಅಥವಾ ಗ್ಲೂಕೋಸ್ ಕೊಟ್ಟು ಎಂಆರ್‌ಐಯಲ್ಲಿ ಕರುಳಿನ ನೀರು, ಗ್ಯಾಸ್, ಗಾತ್ರ ಅಳೆದರು. ಫ್ರಕ್ಟೋಸ್ ಸಣ್ಣ ಕರುಳಿನಲ್ಲಿ ನೀರು ಹೆಚ್ಚಿಸಿತು, ಇನ್ಯುಲಿನ್ ದೊಡ್ಡ ಕರುಳಿನಲ್ಲಿ ಗ್ಯಾಸ್ ಹೆಚ್ಚಿಸಿತು. ಐಬಿಎಸ್ ಇರುವವರಲ್ಲೂ ಇಲ್ಲದವರಲ್ಲೂ ಇದು ಹೆಚ್ಚುಕಡಿಮೆ ಒಂದೇ. ಲಕ್ಷಣಗಳು ಮಾತ್ರ ಐಬಿಎಸ್ ಇರುವವರಲ್ಲಿ ತೀವ್ರ. ‘ಗ್ಯಾಸ್ ಜಾಸ್ತಿ’ ಎಂದು ದೂರುವವರಲ್ಲಿ ಎಷ್ಟೋ ಮಂದಿಗೆ ಗ್ಯಾಸ್ ಜಾಸ್ತಿ ಇರುವುದಿಲ್ಲ, ಇದ್ದಷ್ಟು ಗ್ಯಾಸನ್ನೇ ಅವರ ಕರುಳು ತಡೆಯುವುದಿಲ್ಲ.

2021ರಲ್ಲಿ ಬೆಲ್ಜಿಯಂನ ಲ್ಯೂವೆನ್ ತಂಡ ಗೋಧಿ, ಹಾಲು, ಸೋಯಾ ಮುಂತಾದವುಗಳ ಅಂಶಗಳನ್ನು ಕೊಲೊನೋಸ್ಕೋಪಿನ ಸೂಜಿಯಿಂದ ಗುದನಾಳದ ಒಳಪದರಕ್ಕೇ ಚುಚ್ಚಿ ನೋಡಿತು. 12 ಐಬಿಎಸ್ ರೋಗಿಗಳಲ್ಲಿ ಎಲ್ಲರಿಗೂ ಒಂದಾದರೂ ಆಹಾರಕ್ಕೆ ಚುಚ್ಚಿದ ಜಾಗದಲ್ಲಿ ಊತ ಬಂತು, 8 ಆರೋಗ್ಯವಂತರಲ್ಲಿ ಇಬ್ಬರಿಗೆ ಮಾತ್ರ. ರಕ್ತದಲ್ಲಿ ಆ ಆಹಾರಗಳ ಅಲರ್ಜಿ ಕಾಣದವರ ಕರುಳಿನಲ್ಲೇ ಸ್ಥಳೀಯ ಪ್ರತಿಕ್ರಿಯೆ ನಡೆದು, ಮಾಸ್ಟ್ ಕೋಶಗಳು (ಅಲರ್ಜಿಯಲ್ಲಿ ಪಾತ್ರ ವಹಿಸುವ ರೋಗನಿರೋಧಕ ಕೋಶಗಳು) ಬಿಡುವ ರಾಸಾಯನಿಕಗಳು ನರತುದಿಗಳನ್ನು ಕೆರಳಿಸುತ್ತವೆ ಎಂಬ ವಾದಕ್ಕೆ ಇದು ಗಟ್ಟಿ ಮಾನವ ಪುರಾವೆ. 20 ಜನರ ಅಧ್ಯಯನ ಸಣ್ಣದು. ಆದರೂ ಇಲ್ಲಿ ಅಳೆದದ್ದು ರೋಗಿಯ ಮಾತನ್ನಲ್ಲ, ಕಣ್ಣಿಗೆ ಕಾಣುವ ಊತವನ್ನು. ಹಾಗಾಗಿ ಹೇಳುವವರ ಗೆರೆಯ ಪ್ರಶ್ನೆ ಇದಕ್ಕೆ ತಟ್ಟುವುದಿಲ್ಲ.

ನೋವು ಕೊಡುವ ಪ್ರಯೋಗಕ್ಕೆ ಕೆಲವು ನಿಯಮಗಳಲ್ಲಿ ರಾಜಿಯಿಲ್ಲ. ಚೀಲದ ಗಾಳಿ ತಕ್ಷಣ ಬಿಡುವ ಗುಂಡಿ ಸ್ವಯಂಸೇವಕರ ಕೈಯಲ್ಲೇ ಇರಬೇಕು. ಒತ್ತಡಕ್ಕೂ ಗಾತ್ರಕ್ಕೂ ಯಂತ್ರವೇ ಮೀರದಂಥ ಮಿತಿ, ಗುದನಾಳಕ್ಕೆ ಸಾಮಾನ್ಯವಾಗಿ 50 ಎಂಎಂ ಆಸುಪಾಸು, ಮೊದಲೇ ಹಾಕಿರಬೇಕು. ಇತ್ತೀಚೆಗೆ ಬಯಾಪ್ಸಿ ಅಥವಾ ಪಾಲಿಪ್ (ಒಳಪದರದ ಸಣ್ಣ ಗಂಟು) ತೆಗೆಸಿಕೊಂಡವರ ಕರುಳನ್ನು ಹಿಗ್ಗಿಸಬಾರದು, ಗೋಡೆ ಹರಿಯುವ ಅಪಾಯವಿದೆ. ಭಾರತದಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಯಾವ ಹಂತದಲ್ಲೂ ಕಾರಣ ಹೇಳದೆ ಹೊರನಡೆಯುವ ಹಕ್ಕು ಭಾಗವಹಿಸುವವರಿಗಿದೆ.

ನಮ್ಮ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಸಾಮಾನ್ಯವಾಗಿ ಸಿಗುವುದು ಬ್ಯಾರೊಸ್ಟಾಟ್ ಅಲ್ಲ, ಗುದನಾಳದ ಮ್ಯಾನೊಮೆಟ್ರಿಯ (ಒತ್ತಡ ಅಳೆಯುವ ಪರೀಕ್ಷೆಯ) ಜೊತೆ ಸಿರಿಂಜಿನಿಂದ ಉಬ್ಬಿಸುವ ಸಣ್ಣ ಬಲೂನು. ವರದಿಯಲ್ಲಿ ಮೂರು ಸಂಖ್ಯೆ ಇರುತ್ತವೆ: ಮೊದಲ ಅನಿಸಿಕೆ, ಶೌಚದ ಒತ್ತಾಯ, ತಡೆಯಬಹುದಾದ ಗರಿಷ್ಠ ಗಾತ್ರ, ಎಲ್ಲವೂ ಮಿಲಿಲೀಟರ್‌ಗಳಲ್ಲಿ. ಮಲಬದ್ಧತೆಯವರಲ್ಲಿ ಗುದನಾಳ ಮಂದವಾಗಿದೆಯೇ ಎಂದು ತಿಳಿಯಲು ಇದು ಉಪಯುಕ್ತ. ನೋವಿನ ಸೂಕ್ಷ್ಮತೆಗೆ ಇದೊಂದನ್ನೇ ನಂಬುವಂತಿಲ್ಲ. ಗಾತ್ರ ಕಡಿಮೆ ಬಂದರೆ ಗೋಡೆ ಬಿಗಿಯಾಗಿರಬಹುದು, ಬಲೂನಿನ ರಬ್ಬರ್ ಗಡುಸಿರಬಹುದು, ಸಿರಿಂಜನ್ನು ಬೇಗ ಒತ್ತಿರಬಹುದು, ರೋಗಿ ಹೆದರಿರಬಹುದು. ಬಲೂನಿನ ಬಗೆ, ತುಂಬಿದ ವೇಗ, ಅದೇ ಪ್ರಯೋಗಾಲಯದಲ್ಲಿ ಆರೋಗ್ಯವಂತರಿಗೆ ಬರುವ ಅಂಕಿಗಳು ಈ ಮೂರೂ ವರದಿಯಲ್ಲಿ ಇವೆಯೇ ಎಂದು ಕೇಳಿ ತಿಳಿದುಕೊಳ್ಳಿ. ಆ ಅಂಕಿಗಳು ನಾರ್ಮಲ್ ಬಂದರೂ ರೋಗಿಯ ನೋವನ್ನು ಅಲ್ಲಗಳೆಯುವ ಅಧಿಕಾರ ಆ ವರದಿಗಿಲ್ಲ.